ಮೊದಲ ಉಲ್ಕಾಶಿಲೆ: ಕಣ್ಣೆದುರು ಬಿದ್ದದ್ದು ಕೊಳ್ಳಲಾ, ಮರಳಲ್ಲಿ ಸಿಕ್ಕಿದ್ದು ಕೊಳ್ಳಲಾ?

ನಾಲ್ಕುನಾಡು_ಹುಡುಗ

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಕಡೆಯವನು. ಡಿಸೆಂಬರ್‌ನಲ್ಲಿ ಆಕಾಶ ತಿಳಿಯಾದ ಮೇಲೆ ಕಣದಲ್ಲಿ ಚಾಪೆ ಹಾಸಿಕೊಂಡು ಜೆಮಿನಿಡ್ ಉಲ್ಕೆ ನೋಡೋ ಚಟ ಶಾಲೆ ದಿನದಿಂದ ಇದೆ. ಈಗ ಒಂದು ಕಲ್ಲನ್ನ ಕೈಯಲ್ಲಿ ಹಿಡಿದು ನೋಡಬೇಕು ಅನ್ನಿಸ್ತಿದೆ. ಮೂರು ನೋಡಿಟ್ಟಿದ್ದೀನಿ. ರಷ್ಯಾದ ಚೆಲ್ಯಾಬಿನ್ಸ್ಕ್‌ನ ಒಂದು ಪುಟ್ಟ ಕಲ್ಲು, ಮೂರು ಗ್ರಾಂ ಚಿಲ್ಲರೆ. ಅರ್ಜೆಂಟೀನಾದ ಕ್ಯಾಂಪೊ ಡೆಲ್ ಸಿಯೆಲೊ ಕಬ್ಬಿಣ, ಅಂಗೈ ತುಂಬುವಷ್ಟು. ಇನ್ನೊಂದು ಸಹರಾದ್ದು, ಎನ್‌ಡಬ್ಲ್ಯುಎ ಅಂತ ಬರೆದಿದ್ದಾರೆ, ಮುಂದೆ ನಂಬರ್ ಇಲ್ಲ, ತೆಳ್ಳಗೆ ಕೊಯ್ದು ಪಾಲಿಶ್ ಮಾಡಿದ ಸ್ಲೈಸ್. ಮೂರರ ಬೆಲೆಯೂ ಹೆಚ್ಚುಕಮ್ಮಿ ಒಂದೇ.

ಅಪ್ಪ, "ದುಡ್ಡು ಕೊಟ್ಟು ಕಲ್ಲು ತರ್ತೀಯಾ? ತೋಟದಲ್ಲಿ ಇರೋದು ಸಾಲದಾ?" ಅಂತ ಕೇಳ್ತಾ ಇದ್ದಾರೆ. ಅವರಿಗೆ ಉತ್ತರ ಕೊಡೋದು ಆಮೇಲೆ. ಮೊದಲು ನನಗೇ ಗೊತ್ತಾಗಬೇಕು. ಯಾವುದು ತಗೊಳ್ಳಲಿ?

ಗ್ರಾಂಲೆಕ್ಕ

ಬೆಂಗಳೂರಲ್ಲಿದ್ದೀನಿ, ಅಮ್ಮನ ಊರು ಗೋಣಿಕೊಪ್ಪ. ಹತ್ತಿರದವರೊಬ್ಬರು ಕೇಳಿದ್ದು ಖುಷಿ.

ನನ್ನ ಓಟು ಚೆಲ್ಯಾಬಿನ್ಸ್ಕ್‌ಗೆ. ಕಲ್ಲು ಚೆಂದ ಅಂತ ಅಲ್ಲ, ಅದರ ಹುಟ್ಟಿದ ದಿನ ಗೊತ್ತಿದೆ ಅಂತ. 2013ರ ಫೆಬ್ರವರಿ 15, ಅಲ್ಲಿಯ ಬೆಳಿಗ್ಗೆ 9:20. ಸುಮಾರು 20 ಮೀಟರ್ ಅಗಲದ ಬಂಡೆ ಊರ ಮೇಲೆ ಆಕಾಶದಲ್ಲೇ ಒಡೆಯಿತು. ಬೆಳಕು ನೋಡಿ ಜನ ಕಿಟಕಿ ಹತ್ತಿರ ಓಡಿದರು, ಒಂದೆರಡು ನಿಮಿಷ ಕಳೆದು ಸದ್ದಿನ ಅಲೆ ಬಂತು, ಗಾಜು ಸಿಡಿದು ಸುಮಾರು 1500 ಜನಕ್ಕೆ ಗಾಯ. ಸಣ್ಣ ಕಲ್ಲುಗಳೆಲ್ಲ ಹಿಮದಲ್ಲಿ ತೂತು ಮಾಡಿಕೊಂಡು ಇಳಿದಿದ್ದವು. ಹಳ್ಳಿಯವರು ಆ ತೂತು ಹುಡುಕಿ ಹುಡುಕಿ ಕಲ್ಲು ಹೆಕ್ಕಿದರು. ಮಳೆ ಕಾಣದ, ಮಣ್ಣು ಮುಟ್ಟದ ಕಲ್ಲುಗಳವು.

ಸ್ಲೈಸ್ ವಿಷಯ. ಎನ್‌ಡಬ್ಲ್ಯುಎ ಅಂದರೆ ವಾಯವ್ಯ ಆಫ್ರಿಕಾ. ಮರುಭೂಮಿಯ ಅಲೆಮಾರಿಗಳು ಹೆಕ್ಕಿದ್ದು ಮೊರಾಕ್ಕೋದ ಸಂತೆಗಳಿಗೆ ಬರುತ್ತೆ. ಯಾರು, ಎಲ್ಲಿ ಹೆಕ್ಕಿದರು ಅನ್ನೋದು ದಾರಿಯಲ್ಲೇ ಕಳೆದುಹೋಗಿರುತ್ತೆ. ಪ್ರಯೋಗಾಲಯ ಪರೀಕ್ಷೆ ಮಾಡಿ, ಮಾದರಿ ಇಟ್ಟುಕೊಂಡು, ಉಲ್ಕಾಶಿಲೆಗಳಿಗೆ ಹೆಸರು ಕೊಡೋ ವಿಜ್ಞಾನಿಗಳ ಸಂಘ ಮೆಟಿಯೊರಿಟಿಕಲ್ ಸೊಸೈಟಿ ಒಪ್ಪಿದ ಮೇಲೆ ನಂಬರ್ ಸಿಗುತ್ತೆ. ಆ ಮಾದರಿ ಕನಿಷ್ಠ 20 ಗ್ರಾಂ ಅಥವಾ ಒಟ್ಟು ತೂಕದ 20 ಪರ್ಸೆಂಟು, ಯಾವುದು ಕಡಿಮೆಯೋ ಅದು. ನಂಬರ್ ಇದ್ದರೆ ಅವರ ಬುಲೆಟಿನ್‌ನ ಆನ್‌ಲೈನ್ ಪಟ್ಟಿಯಲ್ಲಿ ನೀವೇ ಹುಡುಕಿ ನೋಡಬಹುದು. ನಂಬರ್ ಇಲ್ಲದ್ದು ಅಂದರೆ ಮಾರುವವನ ಬಾಯಿಮಾತು, ಅಷ್ಟೇ.

ಕ್ಯಾಂಪೊ ಬಗ್ಗೆ ನಮ್ಮ ಮಳೆ ಗೊತ್ತಿರೋರು ಹೇಳಲಿ.

ಕಣದಮನೆ_ಅಕ್ಕ

ನಾನು ಒಪ್ಪಲ್ಲ ತಮ್ಮಾ. (ಸುಂಟಿಕೊಪ್ಪದಿಂದ.)

ಮೂರು ಗ್ರಾಂನ ಚೆಲ್ಯಾಬಿನ್ಸ್ಕ್ ಅಂದರೆ ಕರೀ ಸಿಪ್ಪೆಯ ಒಂದು ಉಂಡೆ. ಒಳಗಿನ ತಿಳಿ ಬೂದು ಬಣ್ಣ, ಅದರಲ್ಲಿ ಹರಿದ ಕಪ್ಪು ನರಗಳು ಕಾಣಬೇಕಾದರೆ ಒಡೀಬೇಕು, ಒಡೆದರೆ ಬೆಲೆ ಹೋಯಿತು. ಅದೇ ಕೊಯ್ದ ಸ್ಲೈಸನ್ನ ಬಿಸಿಲಿಗೆ ಓರೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ರಾಗಿ ಕಾಳಿನಷ್ಟು ದುಂಡನೆಯ ಕಾಂಡ್ರೂಲ್‌ಗಳು, ನಡುನಡುವೆ ಮಿಣುಕೋ ಲೋಹದ ಚೂರು. ಆ ಗುಂಡುಗಳಿಗೆ 456 ಕೋಟಿ ವರ್ಷ. ಸೂರ್ಯನ ಸುತ್ತ ಇನ್ನೂ ಧೂಳೇ ಇದ್ದಾಗ ಕರಗಿ ಹನಿಯಾಗಿ ಗಟ್ಟಿಯಾದವು. ಇದಕ್ಕಿಂತ ಇನ್ನೇನು ಬೇಕು? ಇಂಥ ಕಾಂಡ್ರೂಲ್ ಇರೋ ಕಲ್ಲಿಗೆ ಕಾಂಡ್ರೈಟ್ ಅಂತಾರೆ. ನಂಬರ್ ಇರೋ ಸಾಧಾರಣ ಕಾಂಡ್ರೈಟ್ ಸ್ಲೈಸ್ ಕೇಳಿ, ಬೆಲೆ ದೊಡ್ಡ ವ್ಯತ್ಯಾಸ ಬರಲ್ಲ. ಲೇಬಲ್‌ನಲ್ಲಿ ಎಲ್3, ಎಚ್3 ಅಂತ ಇದ್ದರೆ (ಅಕ್ಷರ ಕಬ್ಬಿಣ ಎಷ್ಟು ಅನ್ನೋದಕ್ಕೆ, ಅಂಕಿ ಕಾವು ಎಷ್ಟು ತಗುಲಿದೆ ಅನ್ನೋದಕ್ಕೆ) ಕಾಂಡ್ರೂಲ್ ಸ್ಪಷ್ಟ. 6 ಅಂತ ಇದ್ದರೆ ಕಾವಿಗೆ ಎಲ್ಲ ಕಲಸಿಹೋಗಿ ಹುಡುಕಬೇಕಾಗುತ್ತೆ.

ಕ್ಯಾಂಪೊ ಮಾತ್ರ ಬೇಡ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗಲ್ಲ, ಕಬ್ಬಿಣ ಉಳಿಯುತ್ತಾ? ನೆಲದಲ್ಲಿದ್ದಷ್ಟು ದಿನ ಆ ಕಬ್ಬಿಣ ಕ್ಲೋರೈಡ್ ಕುಡಿದಿರುತ್ತೆ. ಹವೆಯಲ್ಲಿ ತೇವ ಏರಿದ ಕೂಡಲೇ ಮೈಮೇಲೆ ಕಂದು ಹನಿ ಕಟ್ಟುತ್ತೆ, ಆಮೇಲೆ ಪದರ ಪದರ ಏಳುತ್ತೆ. ಚೀನಾದ ನಾನ್‌ಟನ್ ಕಬ್ಬಿಣ ಅಂತೂ ಪುಡಿಪುಡಿ. ಕಬ್ಬಿಣವೇ ಬೇಕು ಅಂದರೆ ರಷ್ಯಾದ ಸಿಖೋಟೆ-ಅಲಿನ್ ನೋಡಿ, ಅದು 1947ರ ಫೆಬ್ರವರಿ 12ಕ್ಕೆ ಬಿದ್ದದ್ದು, ನೆಲದಲ್ಲಿ ಕೊಳೆತದ್ದು ಕಡಿಮೆ.

ಗ್ರಾಂಲೆಕ್ಕ

ಅಕ್ಕಾ, ಸಿಖೋಟೆ-ಅಲಿನ್ ಹೆಸರಲ್ಲಿ ಹಳೇ ಫಿರಂಗಿ ಗುಂಡಿನ ಚೂರು ಮಾರಿದವರೂ ಇದ್ದಾರೆ, ಅದನ್ನೂ ಹೇಳಿಬಿಡಿ. ಅದರಲ್ಲಿ ಎರಡು ಥರ ಬರುತ್ತೆ. ಆಕಾಶದಲ್ಲೇ ಬಿಡಿಯಾಗಿ ಬಂದದ್ದರ ಮೈಮೇಲೆ ಹೆಬ್ಬೆರಳು ಒತ್ತಿದ ಗುರುತಿನಂಥ ತಗ್ಗುಗಳು. ನೆಲಕ್ಕೆ ಬಡಿದು ಹರಿದದ್ದರ ಅಂಚು ಚೂಪು, ಮೈ ತಿರುಚಿರುತ್ತೆ. ಹೊಸಬರು ಮೊದಲನೆಯದನ್ನೇ ತಗೊಳ್ಳಿ, ಅದನ್ನ ನಕಲು ಮಾಡೋದು ಕಷ್ಟ.

ಇದರ ಜೊತೆ ಒಂದು ಅಂಚೆಚೀಟಿಯೂ ಸೇರಿಸಿಕೊಳ್ಳಬಹುದು. ಮೆದ್ವೆದೆವ್ ಅನ್ನೋ ಚಿತ್ರಕಾರ ಅವತ್ತು ಬೆಳಿಗ್ಗೆ ಚಿತ್ರ ಬರೀತಾ ಕೂತಿದ್ದವರು ಕಣ್ಣಾರೆ ಬೆಂಕಿಯುಂಡೆ ನೋಡಿ ಅದನ್ನೇ ಬರೆದರು. ಸೋವಿಯತ್ ಸರ್ಕಾರ 1957ರಲ್ಲಿ ಆ ಚಿತ್ರವನ್ನ ಅಂಚೆಚೀಟಿ ಮಾಡಿತು. ಬಿದ್ದದ್ದು ಅಂದರೆ ನನಗೆ ಇದು. ಕಲ್ಲಿನ ಜೊತೆ ಜನರೂ ಬರ್ತಾರೆ.

ಶನಿವಾರಸಂತೆ_ತೋಟ

ನಡುವೆ ಬಾಯಿ ಹಾಕ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ. ಗಿಡ ನೆಡೋ ಗುಂಡಿ ತೋಡುವಾಗ ಒಂದು ಕಪ್ಪು ಕಲ್ಲು ಸಿಕ್ಕಿದೆ. ತೆಂಗಿನಕಾಯಿಗಿಂತ ಚಿಕ್ಕದು, ಎತ್ತಿದರೆ ಕೈ ಜಗ್ಗುತ್ತೆ, ಅಯಸ್ಕಾಂತ ಟಪ್ ಅಂತ ಅಂಟುತ್ತೆ. ನಮ್ಮ ತೋಟದ ಲೆಕ್ಕ ಬರೆಯೋ ರೈಟರ್‌ಗೆ ಗೊತ್ತಿರೋ ಒಬ್ಬ ಬಂದು ನೋಡಿ ಇದು ಉಲ್ಕೆಯೇ, ಹೊರದೇಶದವರು ಲಕ್ಷಗಟ್ಟಲೆ ಕೊಡ್ತಾರೆ ಅಂದ. ಮೊದಲು ಲ್ಯಾಬ್ ಟೆಸ್ಟಿಗೆ ನಾವು ಇಪ್ಪತ್ತು ಸಾವಿರ ಕಟ್ಟಬೇಕಂತೆ. ಕಟ್ಟಲಾ?

ಗ್ರಾಂಲೆಕ್ಕ

ಕಟ್ಟಬೇಡಿ!! ಇದು ರೈಸ್ ಪುಲ್ಲಿಂಗ್‌ನ ತಮ್ಮ. ಸಿಡಿಲು ಬಡಿದ ಚೊಂಬು, ಇರಿಡಿಯಂ, ಅಕ್ಕಿ ಎಳೆಯುತ್ತೆ ಅಂತ ಎಷ್ಟು ಮನೆ ಮುಳುಗಿಸಿದ್ದಾರೆ ಪೇಪರ್‌ನಲ್ಲಿ ಓದಿಲ್ವಾ? ಕೊಳ್ಳುವವನು ಮಾರುವವನ ಹತ್ತಿರ ಮುಂಗಡ ಕೇಳೋ ವ್ಯಾಪಾರ ಎಲ್ಲಾದರೂ ಉಂಟಾ?

ಮುರಕಲ್ಲು_ಮೇಷ್ಟ್ರು

ವಿರಾಜಪೇಟೆಯಿಂದ. ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಮೊದಲು ಶನಿವಾರಸಂತೆಯವರಿಗೆ ಹೇಳಿಬಿಡುತ್ತೇನೆ, ಆ ಮನುಷ್ಯ ಮತ್ತೆ ಬರುವುದರೊಳಗೆ.

ಮನೆಯಲ್ಲೇ ಎರಡು ಕೆಲಸ ಮಾಡಿ. ಟೈಲ್ಸ್‌ನ ಹಿಂಬದಿ, ಹೊಳಪಿಲ್ಲದ ಬಿಳಿ ಭಾಗಕ್ಕೆ ಕಲ್ಲನ್ನು ಒತ್ತಿ ಗೀರಿ. ಇಟ್ಟಿಗೆ ಕೆಂಪು ಗೆರೆ ಬಿದ್ದರೆ ಹೆಮಟೈಟ್, ಕಪ್ಪು ಗೆರೆ ದಟ್ಟವಾಗಿ ಬಿದ್ದರೆ ಮ್ಯಾಗ್ನೆಟೈಟ್. ಉಲ್ಕಾಶಿಲೆ ಸಾಧಾರಣವಾಗಿ ಗೆರೆಯನ್ನೇ ಬಿಡುವುದಿಲ್ಲ, ಬಿಟ್ಟರೂ ಮಸುಕು.

ಎರಡನೆಯದು ಸಾಂದ್ರತೆ. ಕಾಳುಮೆಣಸು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇರುತ್ತದಲ್ಲ, ಅದೇ ಸಾಕು. ಕಲ್ಲಿನ ತೂಕ ಬರೆದುಕೊಳ್ಳಿ. ಆಮೇಲೆ ತಕ್ಕಡಿ ಮೇಲೆ ಅರ್ಧ ನೀರು ತುಂಬಿದ ಪಾತ್ರೆ ಇಟ್ಟು ಸೊನ್ನೆ ಮಾಡಿ. ಕಲ್ಲಿಗೆ ದಾರ ಕಟ್ಟಿ, ತಳಕ್ಕೂ ಬದಿಗೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಕೈಯಲ್ಲೇ ಹಿಡಿದಿರಿ. ಈಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಕಲ್ಲಿನ ಗಾತ್ರ ಅಷ್ಟು ಘನ ಸೆಂ.ಮೀ. ಮೊದಲಿನ ತೂಕವನ್ನು ಇದರಿಂದ ಭಾಗಿಸಿ ಇಲ್ಲಿ ಬರೆಯಿರಿ.

ಮೈಯಲ್ಲಿ ಗುಳ್ಳೆ ಗುಳ್ಳೆ ತೂತು ಇದ್ದರೆ ಅಷ್ಟು ಕಷ್ಟವೂ ಬೇಡ, ಅದು ಹಳೆ ಕುಲುಮೆಯ ಕಿಟ್ಟ.

ಶನಿವಾರಸಂತೆ_ತೋಟ

ಮೇಷ್ಟ್ರೇ, ಮಾಡಿದೆ. ಗುಳ್ಳೆ ಇಲ್ಲ. ಗೆರೆ ಕಪ್ಪಗೆ ಬಿತ್ತು, ಪೆನ್ಸಿಲಲ್ಲಿ ಎಳೆದಂಗೆ. ತೂಕ 2 ಕೆ.ಜಿ. 140 ಗ್ರಾಂ. ನೀರಲ್ಲಿ ಮುಳುಗಿಸಿದಾಗ 430 ತೋರಿಸ್ತು.

ಮುರಕಲ್ಲು_ಮೇಷ್ಟ್ರು

ಹತ್ತಿರ ಹತ್ತಿರ 5. ಸಾಧಾರಣ ಕಾಂಡ್ರೈಟ್ ಆಗಿದ್ದರೆ ಮೂರೂವರೆ ಆಸುಪಾಸು ಬರಬೇಕಿತ್ತು, ಕಬ್ಬಿಣದ ಉಲ್ಕೆ ಆಗಿದ್ದರೆ 7.8ರ ಹತ್ತಿರ. ಐದಕ್ಕೆ ಹತ್ತಿರ ಬರುವುದು ಪಲ್ಲಸೈಟ್ ಒಂದಿದೆ, ಕಬ್ಬಿಣದೊಳಗೆ ಆಲಿವಿನ್ ಹರಳು ಕೂತಿರುವಂಥದ್ದು. ಆದರೆ ಒಂದು ಮೂಲೆ ಅರದಿಂದ ಉಜ್ಜಿದರೆ ಅದರಲ್ಲಿ ಬೆಳ್ಳಿ ಹೊಳಪಿನ ಲೋಹ, ಜೇನು ಬಣ್ಣದ ಹರಳು ಎದ್ದು ಕಾಣಬೇಕು. ನಿಮ್ಮದು ಉಜ್ಜಿದರೂ ಕಪ್ಪೇ ಇದ್ದರೆ ಮ್ಯಾಗ್ನೆಟೈಟ್. ನಮ್ಮ ಕಡೆಯ ಹಳೆ ಬಂಡೆಗಳಲ್ಲಿ ಅದು ಹೊಸತಲ್ಲ.

ಇನ್ನು ನಾಲ್ಕುನಾಡಿನವರ ಪ್ರಶ್ನೆ. ಅವರ ತಂದೆ ಕೇಳಿದ್ದರಲ್ಲಿ ತಿರುಳಿದೆ. ತೋಟದಲ್ಲಿ ಯಾಕೆ ಸಿಗುವುದಿಲ್ಲ? ಆಕಾಶ ಕೊಡಗಿಗೇನೂ ಮೋಸ ಮಾಡಿಲ್ಲ. ಸಹರಾದ ಮೇಲೆ ಒಂದು ಚದರ ಮೈಲಿಗೆ ಎಷ್ಟು ಬೀಳುತ್ತದೋ ಇಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಬೀಳುತ್ತದೆ. ಆದರೆ ಅಲ್ಲಿ ಒಣ ನೆಲದ ಮೇಲೆ ಸಾವಿರಾರು ವರ್ಷ ಹಾಗೇ ಕೂತಿರುತ್ತದೆ. ಇಲ್ಲಿ ಮಡಿಕೇರಿಯಲ್ಲೇ ವರ್ಷಕ್ಕೆ 3000 ಮಿ.ಮೀ. ಮೇಲೆ ಮಳೆ, ಹುಳಿ ಮಣ್ಣು, ತರಗೆಲೆ. ಕಲ್ಲಿನೊಳಗಿನ ಲೋಹ ತುಕ್ಕು ಹಿಡಿದು, ಹಿಗ್ಗಿ, ಕಲ್ಲನ್ನೇ ಸೀಳಿ ಕೆಮ್ಮಣ್ಣಿನಲ್ಲಿ ಸೇರಿಹೋಗುತ್ತದೆ. ಮಿಕ್ಕದ್ದನ್ನೂ ಮುರಕಲ್ಲಿನ ನಡುವೆ ಗುರುತು ಹಿಡಿಯುವುದು ಆಗದ ಕೆಲಸ. ಹಾಗಾಗಿ ನಮ್ಮಂಥ ಊರಿಗೆ ಉಲ್ಕಾಶಿಲೆ ಬಂದರೆ ಬಿದ್ದದ್ದಾಗಿಯೇ ಬರಬೇಕು, ಯಾರಾದರೂ ನೋಡಿ ಅವತ್ತೇ ಹೆಕ್ಕಬೇಕು.

ದಕ್ಷಿಣದ ಪಟ್ಟಿ ನೋಡಿ. 1865ರ ಸೆಪ್ಟೆಂಬರ್ 21ಕ್ಕೆ ಆಗಿನ ಮೈಸೂರು ಸೀಮೆಯ ಮುದ್ದೂರಿನಲ್ಲಿ ಬಿದ್ದದ್ದು, ಎಲ್5. ಅದಕ್ಕೆ ಒಂದು ತಿಂಗಳೂ ಹಿಂದಲ್ಲ, ಆಗಸ್ಟ್ 25ಕ್ಕೆ ಬಿಹಾರದ ಶೇರ್‌ಘಾಟಿಯಲ್ಲಿ ಸುಮಾರು 5 ಕಿಲೋದ್ದು. ಮಂಗಳ ಗ್ರಹದ ಕಲ್ಲುಗಳ ಒಂದು ಬಳಗಕ್ಕೇ ಇವತ್ತು ಶೆರ್ಗೊಟೈಟ್ ಎಂದು ಅದರ ಹೆಸರು. ಮರುವರ್ಷ ಏಪ್ರಿಲ್‌ನಲ್ಲಿ ಉಡುಪಿಯದ್ದು. 1890ರಲ್ಲಿ ತಮಿಳುನಾಡಿನ ಕಾಕಂಗರೈ, ಅದೂ ಒಂದು ಅಪರೂಪದ ಬಳಗಕ್ಕೆ ಹೆಸರು ಕೊಟ್ಟಿತು. 2008ರಲ್ಲಿ ಹೊಸೂರಿನ ಹತ್ತಿರ ಶೂಲಗಿರಿ. ಎಲ್ಲವೂ ಜನ ಕಂಡದ್ದು. ಹೆಕ್ಕಿದ್ದು ಅಂತ ಹೇಳಬಹುದಾದರೆ ಕೊಡೈಕನಾಲ್‌ನ ಕಬ್ಬಿಣ, 1898ರದ್ದು.

ನಾಲ್ಕುನಾಡು_ಹುಡುಗ

ಮೇಷ್ಟ್ರೇ, ಇದನ್ನ ಅಪ್ಪನಿಗೆ ಓದಿ ಹೇಳಿದೆ. "ಹಾಗಾದ್ರೆ ಬೀಳೋವರೆಗೆ ಕಾಯಿ, ಪುಕ್ಕಟೆ ಸಿಗುತ್ತೆ" ಅಂದ್ರು. ಒಂದು ವೇಳೆ ನಿಜವಾಗಿ ನಮ್ಮ ಗದ್ದೆಗೇ ಬಿತ್ತು ಅಂತಿಟ್ಕೊಳ್ಳಿ. ಇಟ್ಕೋಬಹುದಾ?

ಮುರಕಲ್ಲು_ಮೇಷ್ಟ್ರು

ನಮ್ಮ ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳ ಪಾಲಕರು ಜಿಎಸ್‌ಐ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ. ಅವರ ಸಂಗ್ರಹ ಕೋಲ್ಕತ್ತದಲ್ಲಿದೆ. ಪೊಲೀಸರಿಗೋ ತಹಶೀಲ್ದಾರರಿಗೋ ತಿಳಿಸಿ, ಅವರು ಮುಂದಿನದು ನೋಡುತ್ತಾರೆ. 2017ರ ಜೂನ್ 6ರಂದು ಜೈಪುರದ ಹತ್ತಿರ ಮುಕುಂದಪುರದ ಹೊಲದಲ್ಲಿ ಬಿದ್ದದ್ದು ಹಾಗೆಯೇ ಹೋಯಿತು. ಅದು ಇಂಗಾಲಯುಕ್ತ ಕಾಂಡ್ರೈಟ್, ಮುಟ್ಟಿದರೆ ಉದುರುವಂಥದ್ದು. ಅದೇ ಜೂನ್‌ನಲ್ಲಿ ಭಾಗಮಂಡಲದಲ್ಲಿ ಬಿದ್ದಿದ್ದರೆ ಎರಡು ಮಳೆಗೆ ಕೆಸರಾಗಿ ಕಾವೇರಿ ಸೇರುತ್ತಿತ್ತು.

ಬಿದ್ದದ್ದು ಕಂಡರೆ ಏನು ಮಾಡಬೇಕು ಅಂತಲೂ ಕೇಳಿಕೊಳ್ಳಿ. ಬರಿಗೈಯಲ್ಲಿ ಮುಟ್ಟಬೇಡಿ, ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್‌ನಲ್ಲಿ ಸುತ್ತಿ. ತೊಳೆಯಬೇಡಿ. ಕುಂಕುಮ ಹಚ್ಚಬೇಡಿ, ಇದನ್ನು ತಮಾಷೆಗೆ ಹೇಳುತ್ತಿಲ್ಲ. ಬಿದ್ದ ಗುಂಡಿಯ ಫೋಟೋ, ಪಕ್ಕದಲ್ಲಿ ಒಂದು ಸ್ಕೇಲು, ಗಂಟೆ ನಿಮಿಷ. ಮುಖ್ಯವಾಗಿ ಅಯಸ್ಕಾಂತ ಹಿಡಿಯಬೇಡಿ.

ಕಣದಮನೆ_ಅಕ್ಕ

ಅಯಸ್ಕಾಂತ ಹಿಡೀಬಾರದಾ? ಎಲ್ಲರೂ ಮೊದಲು ಮಾಡೋದೇ ಅದು ಮೇಷ್ಟ್ರೇ. ನಾನು ಪ್ರತಿ ಹೊಸ ಕಲ್ಲಿಗೂ ಹಿಡಿದು ನೋಡ್ತೀನಿ.

ಮುರಕಲ್ಲು_ಮೇಷ್ಟ್ರು

ಅಂಗಡಿಯಿಂದ ಬಂದ ಕಲ್ಲಿಗೆ ಹಿಡಿದರೆ ನಷ್ಟ ಏನೂ ಇಲ್ಲ, ಅಷ್ಟು ಹೊತ್ತಿಗೆ ಹತ್ತು ಕೈ ಹಿಡಿದಿರುತ್ತದೆ. ಹೊಸದಾಗಿ ಬಿದ್ದದ್ದರಲ್ಲಿ ಮಾತ್ರ ಅದು ಹುಟ್ಟಿದ ಕಾಲದ ಕಾಂತಕ್ಷೇತ್ರದ ಗುರುತು ಉಳಿದಿರಬಹುದು. ಈಗಿನ ನಿಯೋಡೈಮಿಯಂ ಅಯಸ್ಕಾಂತ ಒಮ್ಮೆ ತಾಗಿಸಿದರೆ ಅದು ಅಳಿಸಿಹೋಗಿ ನಮ್ಮ ಅಯಸ್ಕಾಂತದ ಗುರುತು ಕೂರುತ್ತದೆ. 'ಬ್ಲ್ಯಾಕ್ ಬ್ಯೂಟಿ' ಎಂದು ಹೆಸರಾದ ಎನ್‌ಡಬ್ಲ್ಯುಎ 7034, ಮಂಗಳನ ಕಲ್ಲು, ಅದರ ಗತಿಯೂ ಹೀಗೇ ಆಯಿತು. ಪರೀಕ್ಷೆ ಮಾಡಲೇಬೇಕು ಎಂದರೆ ದಿಕ್ಸೂಚಿಯ ಹತ್ತಿರ ಕಲ್ಲು ತನ್ನಿ, ಮುಳ್ಳು ಅಲುಗುತ್ತದೆಯೇ ನೋಡಿ.

ಶನಿವಾರಸಂತೆ_ತೋಟ

ಉಜ್ಜಿ ನೋಡಿದೆ ಮೇಷ್ಟ್ರೇ. ಒಳಗೂ ಕಪ್ಪೇ. ಆ ಮನುಷ್ಯ ಇವತ್ತು ಫೋನ್ ಮಾಡಿದ್ದ, ಹತ್ತು ಸಾವಿರಕ್ಕೆ ಇಳಿದಿದ್ದಾನೆ. ಪೊಲೀಸ್ ಸ್ಟೇಷನ್‌ನಲ್ಲಿ ಸಿಗೋಣ ಅಂದೆ, ಕಟ್ ಮಾಡಿದ.

ನಿರ್ವಾಹಕ

ಆ ವ್ಯಕ್ತಿಯ ಹೆಸರು, ನಂಬರ್ ಇಲ್ಲಿ ಹಾಕಬೇಡಿ, ದೂರು ಕೊಡುವುದಾದರೆ ಠಾಣೆಯಲ್ಲೇ ಕೊಡಿ. ಕೊಳ್ಳುವ ಮಾರುವ ಜಾಹೀರಾತೂ ಬೇಡ. ಚರ್ಚೆ ಮುಂದುವರಿಸಿ.

ಗ್ರಾಂಲೆಕ್ಕ

ಕಾಗದದ ವಿಷಯಕ್ಕೆ ಬರ್ತೀನಿ, ಎಲ್ಲರೂ ಕಲ್ಲನ್ನೇ ನೋಡ್ತಿದ್ದೀರಿ. ಈ ವ್ಯಾಪಾರದಲ್ಲಿ ನಾವು ಕೊಳ್ಳೋದು ಮುಕ್ಕಾಲು ಪಾಲು ಕಾಗದ.

ಚೆಲ್ಯಾಬಿನ್ಸ್ಕ್ ಕಲ್ಲನ್ನ ಅದೇ ಬಳಗದ ಸಹರಾ ಕಲ್ಲಿನ ಪಕ್ಕ ಇಟ್ಟರೆ ಬರಿಗಣ್ಣಿಗೆ ಬೇರೆ ಮಾಡೋದು ಸುಲಭ ಅಲ್ಲ. ಬಿದ್ದದ್ದಕ್ಕೆ ಬೆಲೆ ಹೆಚ್ಚು, ಅದಕ್ಕೇ ಸಿಕ್ಕಿದ್ದನ್ನ ಬಿದ್ದದ್ದು ಅಂತ ಮಾರೋ ಆಸೆ ಹುಟ್ಟುತ್ತೆ. ಹಾಗಾಗಿ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋ ಸರಪಳಿ ಕೇಳಿ. ಐಎಂಸಿಎ ಅಂತ ಸಂಗ್ರಾಹಕರ ಅಂತಾರಾಷ್ಟ್ರೀಯ ಸಂಘ ಇದೆ, ಮಾರುವವನು ಸದಸ್ಯ ಅಂದರೆ ಸದಸ್ಯತ್ವದ ನಂಬರ್ ಇರುತ್ತೆ, ಅದನ್ನ ಸಂಘದ ಪಟ್ಟಿಯಲ್ಲಿ ಹೋಗಿ ತಾಳೆ ನೋಡಿ. ಸದಸ್ಯ ಅಂದ ಮಾತ್ರಕ್ಕೆ ದೇವರಲ್ಲ, ಆದರೆ ಮೋಸ ಮಾಡಿದರೆ ಕಳ್ಕೊಳ್ಳೋ ಹೆಸರು ಅಂತ ಒಂದಿರುತ್ತೆ. ಹಳೇ ಮ್ಯೂಸಿಯಂ ತುಂಡಾದರೆ ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದ ಪುಟ್ಟ ನಂಬರ್ ಇರುತ್ತೆ. ಕೊಳೆ ಅಂತ ಅದನ್ನ ಉಜ್ಜಿ ತೆಗೆದವರನ್ನ ನೋಡಿದ್ದೀನಿ, ಅಳು ಬರುತ್ತೆ. ಲೇಬಲ್ ತೂಕಕ್ಕೂ ಕಲ್ಲಿನ ತೂಕಕ್ಕೂ ತಾಳೆ ಇಲ್ಲದಿದ್ದರೆ ಯಾವಾಗ ಕೊಯ್ದರು, ಮಿಕ್ಕದ್ದು ಎಲ್ಲಿ ಅಂತ ಕೇಳಿ.

ದೇಶದ ಕಾನೂನೂ ಇದೆ. ಅರ್ಜೆಂಟೀನಾ 2007ರಲ್ಲಿ ಉಲ್ಕಾಶಿಲೆಗಳನ್ನ ಕಾನೂನಿನ ರಕ್ಷಣೆಗೆ ತಂದಿತು. ಹಾಗಾಗಿ ಕ್ಯಾಂಪೊ ಮಾರುವವನಿಗೆ ಇದು ಯಾವಾಗ ದೇಶ ಬಿಟ್ಟದ್ದು ಅಂತ ಕೇಳಲೇಬೇಕು. ನಮೀಬಿಯಾದ ಗಿಬಿಯನ್ ಕಬ್ಬಿಣಕ್ಕೂ ಅದೇ ಪ್ರಶ್ನೆ. 2025ರ ಜುಲೈನಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಎನ್‌ಡಬ್ಲ್ಯುಎ 16788 ಅನ್ನೋ ಮಂಗಳನ ಕಲ್ಲು, 24 ಕಿಲೋ ಮೇಲೆ, 53 ಲಕ್ಷ ಡಾಲರ್‌ಗೆ ಹೋಯಿತಲ್ಲ. ಅದು ಸಿಕ್ಕಿದ್ದು ನೈಜರ್‌ನಲ್ಲಿ. ಮಾರಾಟ ಆದ ಮೇಲೆ ಅಲ್ಲಿಯ ಸರ್ಕಾರ, ನಮ್ಮ ಕಲ್ಲು ಹೇಗೆ ಹೊರಗೆ ಹೋಯಿತು ಅಂತ ತನಿಖೆಗೆ ಇಳಿಯಿತು. ಅಷ್ಟು ದೊಡ್ಡವರಿಗೇ ಈ ಪ್ರಶ್ನೆ ತಪ್ಪಲಿಲ್ಲ.

ಕಣದಮನೆ_ಅಕ್ಕ

ಕಾಗದದಲ್ಲಿ ಕಾಂಡ್ರೂಲ್ ಕಾಣಲ್ಲ ತಮ್ಮಾ 🙂

ಆದರೂ ಒಂದು ಮಾತು ಒಪ್ಪುತ್ತೀನಿ. 2022ರ ಆಗಸ್ಟ್ 17ಕ್ಕೆ ಗುಜರಾತಿನ ದಿಯೋದರ್ ಹತ್ತಿರ ಬಿದ್ದದ್ದು ಆಬ್ರೈಟ್ ಅನ್ನೋ ಜಾತಿಯ ಉಲ್ಕಾಶಿಲೆ, ಬಹಳ ಅಪರೂಪ. ನಮ್ಮ ದೇಶದಲ್ಲಿ ಅದಕ್ಕೆ ಮೊದಲು ಆಬ್ರೈಟ್ ಬಿದ್ದದ್ದು 1852ರಲ್ಲಿ, ಉತ್ತರಪ್ರದೇಶದ ಬಸ್ತಿಯಲ್ಲಿ. ಆಬ್ರೈಟ್‌ನಲ್ಲಿ ಲೋಹ ಕಡಿಮೆ, ಬಣ್ಣವೂ ತಿಳಿ. ಹೊಲದಲ್ಲಿ ಬಿದ್ದಿದ್ದರೆ ನಾನಂತೂ ಬೆಣಚುಕಲ್ಲು ಅಂತ ಒದ್ದು ಮುಂದೆ ಹೋಗ್ತಿದ್ದೆ. ಜನ ಸದ್ದು ಕೇಳಿ ಹುಡುಕಿದ್ದರಿಂದ ಉಳಿಯಿತು.

ಇಡೋದು ಹೇಗೆ ಅಂತ ಕೇಳಿದವರಿಗೆ. ಗಾಳಿ ಹೋಗದ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸೋ ಪುಟ್ಟ ಮೀಟರ್. ನೀಲಿ ಜೆಲ್ ಗುಲಾಬಿ ಆದ ಕೂಡಲೇ ಓವನ್‌ನಲ್ಲಿ ಕಾಯಿಸಿ ಮತ್ತೆ ನೀಲಿ ಮಾಡಿಕೊಳ್ಳಿ. ಆಟಿ ತಿಂಗಳಲ್ಲಿ ನನ್ನ ಜೆಲ್ ವಾರಕ್ಕೇ ಬಣ್ಣ ತಿರುಗುತ್ತೆ, ಡಬ್ಬ ಎಷ್ಟು ಬಿಗಿ ಇದ್ದರೂ. ಕಬ್ಬಿಣದ್ದಾದರೆ ಮುಟ್ಟಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಕೈ ಬೆವರಿನಲ್ಲೂ ಉಪ್ಪಿದೆ. ನೀರಲ್ಲಂತೂ ತೊಳೀಲೇಬೇಡಿ. ಗಾಜಿನ ಶೋಕೇಸಲ್ಲಿ ಇಟ್ಟು ನೆಂಟರಿಗೆ ತೋರಿಸೋ ಆಸೆ ಇದ್ದರೆ ಜನವರಿಯಿಂದ ಮಾರ್ಚ್‌ವರೆಗೆ ತೋರಿಸಿ.

ನಾಲ್ಕುನಾಡು_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಕ್ಯಾಂಪೊ ಬಿಟ್ಟೆ. ನಂಬರ್ ಇಲ್ಲದ ಸ್ಲೈಸೂ ಬಿಟ್ಟೆ. ಚೆಲ್ಯಾಬಿನ್ಸ್ಕ್ ಮಾರುವವರಿಗೆ ಎಲ್ಲಿಂದ ಬಂತು ಅಂತ ಬರೆದು ಕೇಳಿದ್ದೆ. ಯಾವ ಹಳ್ಳಿಯ ಹತ್ತಿರ, ಯಾವ ತಿಂಗಳು ಹೆಕ್ಕಿದ್ದು, ಹೆಕ್ಕಿದವರಿಂದ ಯಾರು ಕೊಂಡರು ಅಂತ ಪೂರ್ತಿ ಕಳಿಸಿದ್ದಾರೆ. ಫೋಟೋದಲ್ಲಿ ಸಿಪ್ಪೆಯ ಒಂದು ಮೂಲೆ ಚಕ್ಕೆ ಎದ್ದಿದೆ. ಅದಕ್ಕೆ ಬೆಲೆ ಸ್ವಲ್ಪ ಇಳಿಸಿದ್ದಾರೆ, ಒಳಗಿನ ಬೂದು ಬಣ್ಣವೂ ಆ ಚಕ್ಕೆಯಲ್ಲಿ ಕಾಣುತ್ತೆ. ಅಕ್ಕ, ಅಣ್ಣ ಇಬ್ಬರ ಮಾತೂ ನಡೆದಂಗಾಯ್ತು ಅಂದ್ಕೊಂಡಿದ್ದೀನಿ.

ಗ್ರಾಂಲೆಕ್ಕ ಅಣ್ಣಾ, ಪಾರ್ಸೆಲ್ ಮೇಲೆ 'ಗಿಫ್ಟ್' ಅಂತ ಬರೆಯಲಾ ಅಂತ ಕೇಳ್ತಿದ್ದಾರೆ, ಕಸ್ಟಮ್ಸ್ ಉಳಿಯುತ್ತಂತೆ. ಏನನ್ನಲಿ?

ಗ್ರಾಂಲೆಕ್ಕ

ಬೇಡ ಅನ್ನಿ. ಕೊಟ್ಟ ಬೆಲೆಯನ್ನೇ ಬರೆಸಿ, ಕಲ್ಲಿನ ಮಾದರಿ, ಸಂಗ್ರಹಕ್ಕೆ ಅಂತ ಸ್ಪಷ್ಟವಾಗಿ ಇರಲಿ. ಸುಂಕ ಬಂದರೆ ಕಟ್ಟಿ. ಸುಳ್ಳು ಬರೆಸಿದ ಪಾರ್ಸೆಲ್ ಕಳೆದುಹೋದರೆ ಕೇಳೋಕೆ ಮುಖ ಇರಲ್ಲ. ಅದೂ ಅಲ್ಲದೆ ಆ ಇನ್‌ವಾಯ್ಸೇ ನಾಳೆ ನಿಮ್ಮ ಕಲ್ಲಿನ ಸರಪಳಿಯ ಒಂದು ಕೊಂಡಿ, ಲೇಬಲ್ ಜೊತೆ ಎತ್ತಿಡಿ. ಮತ್ತೆ ಸೆಪ್ಟೆಂಬರ್ ಕಳೆಯೋವರೆಗೆ ಕಳಿಸಬೇಡಿ ಅಂತಲೂ ಹೇಳಿ. ನಿಮ್ಮ ಕಡೆ ರಸ್ತೆಗೆ ಗುಡ್ಡ ಜರಿದರೆ ಪಾರ್ಸೆಲ್ ಎಲ್ಲಿ ಕೂರುತ್ತೋ ಯಾರಿಗೆ ಗೊತ್ತು.

ಶನಿವಾರಸಂತೆ_ತೋಟ

ನನ್ನ ಎರಡು ಕಿಲೋ ಮ್ಯಾಗ್ನೆಟೈಟ್ ಯಾರಿಗಾದರೂ ಬೇಕಾ? ಶಾಲೆ ಮಕ್ಕಳಿಗೆ ತೋರಿಸೋದಾದರೆ ನಾನೇ ತಂದು ಕೊಡ್ತೀನಿ.

ಮುರಕಲ್ಲು_ಮೇಷ್ಟ್ರು

ನಮ್ಮೂರ ಹೈಸ್ಕೂಲಿನವರನ್ನು ಕೇಳಿ ಹೇಳುತ್ತೇನೆ. ಗೀರಿದ ಟೈಲ್ಸನ್ನೂ ಜೊತೆಗೆ ತನ್ನಿ.